ನಿಮ್ಮ ಬಾಟಲಿಯ ನೇರಳೆ ಬೊಟ್ಟು

ಶಹಾಪುರ
ದೀಪಾವಳಿ ಮುಗಿದ ನಾಲ್ಕನೇ ದಿನ, ೧೯೯೭

ಉಸ್ತಾದ್ ಚಂದ್ರಾಮಪ್ಪನವರಿಗೆ,

ನಿಮ್ಮ ರೇಡಿಯೋ ಅಂಗಡಿಯ ಎರಡನೇ ಸ್ಟೂಲಿನ ಮೇಲೆ ಐದು ವರ್ಷ ಕೂತ ತಾಯಪ್ಪನ ಜೈಭೀಮ್. ದಿನಾ ಬೆಳಿಗ್ಗೆ ನಾನು ಹೀಗೆ ಅಂದಾಗ ನೀವು ಬಿಚ್ಚಿದ ಸೆಟ್ಟಿನಿಂದ ತಲೆ ಎತ್ತದೆ, "ಶರಣ್ರಿ ಲೀಡರ್ ಸಾಹೇಬ್ರ, ಮೊದ್ಲು ಕಸ ಹೊಡೀರಿ" ಅನ್ನುತ್ತಿದ್ದಿರಿ. ಆ ಮಾತು ಕೇಳದೆ ಎಂಟು ತಿಂಗಳಾಯಿತು.

ಮೊದಲು ಹೇಳಬೇಕಾದದ್ದನ್ನು ಮೊದಲೇ ಬರೆಯುತ್ತೇನೆ, ಇಲ್ಲದಿದ್ದರೆ ಹಿಂದಿನ ಮೂರು ಪತ್ರಗಳ ಹಾಗೆ ಇದನ್ನೂ ಹರಿದುಹಾಕುತ್ತೇನೆ. ಕಾಲುವೆಯ ಮೀಟರಿನೊಳಗೆ ನಿಮ್ಮ ನೇರಳೆ ಬಣ್ಣದ ಬೊಟ್ಟನ್ನು ನಿಮ್ಮನ್ನು ಕೇಳದೆ ಇಟ್ಟವನು ನಾನು. ನಿಮಗೆ ಇದು ಗೊತ್ತು. ಗೊತ್ತಿದ್ದೂ ಅವತ್ತು ಜನರ ಮುಂದೆ ನೀವು ಸುಮ್ಮನಿದ್ದಿರಿ, ನಾನೂ ಸುಮ್ಮನಿದ್ದೆ. ನೀವು ಸುಮ್ಮನಿದ್ದುದರಿಂದ ನಿಮ್ಮ ಅಂಗಡಿ ಹೋಯಿತು, ಊರು ಹೋಯಿತು, ಮೂವತ್ತು ವರ್ಷದ ಹೆಸರು ಹೋಯಿತು. ನಾನು ಸುಮ್ಮನಿದ್ದುದರಿಂದ ನನ್ನದು ಏನೂ ಹೋಗಲಿಲ್ಲ. ಈ ಪತ್ರದಿಂದ ಅದು ಸರಿಹೋಗುತ್ತದೆ ಎಂದು ನಾನು ನಂಬಿಲ್ಲ. ಆದರೂ ಬರೆಯುತ್ತಿದ್ದೇನೆ.

ನಾನು ನಿಮ್ಮಲ್ಲಿಗೆ ಬಂದಾಗ ಚೀಲದಲ್ಲಿ ಎರಡು ಅಂಗಿ, ಉಳಿದದ್ದೆಲ್ಲ ಕರಪತ್ರ. ಯಾದಗಿರಿಯ ಸಭೆಗಳ ಹೊರಗೆ ಕೈಗೆ ಕೊಡುವ ಹಾಳೆಗಳು, ಸ್ಟೇಷನ್ನಿನ ಹತ್ತಿರ ಎರಡು ರೂಪಾಯಿಗೆ ಸಿಗುವ ಕಿರುಹೊತ್ತಿಗೆಗಳು, ಅವೇ ನನ್ನ ಕಾಲೇಜು. ನೀವು ಒಂದನ್ನು ತೆಗೆದು, ಕನ್ನಡಕ ಮೂಗಿನ ತುದಿಗೆ ಇಳಿಸಿ ಪೂರ್ತಿ ಓದಿದಿರಿ. "ಭಾಳ ಛಲೋ ಬರದಾರ. ಆದ್ರ ಇದನ್ನ ಓದ್ಕೋತ ಸೋಲ್ಡರ್ ಮಾಡಬ್ಯಾಡ, ತೊಡಿ ಸುಟ್ಕೋತಿ" ಎಂದಿರಿ. ಎದುರಿನ ಹೋಟೆಲಿನವನು ನಮ್ಮ ಓಣಿಯವರಿಗೆಂದು ಬೇರೆ ಗ್ಲಾಸಿನಲ್ಲಿ ಚಹಾ ಕಳಿಸುತ್ತಿದ್ದ. ನೀವು ದಿನಾ ಆ ಗ್ಲಾಸನ್ನು ಎತ್ತಿಕೊಂಡು ಅರ್ಧ ಕುಡಿದು, ನಿಮ್ಮ ಗ್ಲಾಸನ್ನು ನನ್ನ ಕಡೆ ತಳ್ಳುತ್ತಿದ್ದಿರಿ. ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಸಮಾನತೆಯ ಬಗ್ಗೆ ಆ ಅಂಗಡಿಯಲ್ಲಿ ಇಡೀ ದಿನ ಮಾತಾಡುತ್ತಿದ್ದವನು ನಾನು.

ನೀವು ಕಲಿಸಿದ್ದರಲ್ಲಿ ನನಗೆ ಎಲ್ಲಕ್ಕಿಂತ ಬೇಸರ ತರಿಸಿದ್ದು ಪ್ರಿಸೆಟ್. ಅಂಗಿಯ ಗುಂಡಿಯಷ್ಟು ಸಣ್ಣದು, ತಲೆಯ ಮೇಲೆ ಒಂದು ಸೀಳು. ಸೀಳಿಗೆ ಸ್ಕ್ರೂಡ್ರೈವರ್ ಇಟ್ಟು ತಿರುಗಿಸಿದರೆ ಒಳಗಿನ ತೋಳು ಕಾರ್ಬನ್ ಪಟ್ಟಿಯ ಮೇಲೆ ಸರಿದು ಕರೆಂಟಿನ ದಾರಿಯನ್ನು ಬಿಗಿ ಮಾಡುತ್ತದೆ ಇಲ್ಲವೇ ಸಡಿಲ ಮಾಡುತ್ತದೆ. ಅಷ್ಟೇ ಕೆಲಸ. ಅದಕ್ಕೆ ನೀವು ಎರಡು ವರ್ಷ ಪಾಠ ಹೇಳಿದಿರಿ. ಹತ್ತು ಕಿಲೋ ಓಮ್ ಬೇಕಾದ ಕಡೆ ಹತ್ತರ ಪ್ರಿಸೆಟ್ ಒಂದನ್ನೇ ಜಡಿಯುವವನು ಮೆಕ್ಯಾನಿಕ್ ಅಲ್ಲ ಅನ್ನುತ್ತಿದ್ದಿರಿ. ಒಂಬತ್ತರ ಗಟ್ಟಿ ರೆಸಿಸ್ಟರ್ ಹಾಕಬೇಕು, ಅದರ ಹಿಂದೆ ಎರಡರ ಪ್ರಿಸೆಟ್ ಸೇರಿಸಬೇಕು. "ದೊಡ್ಡ ಕೆಲ್ಸ ಅಲ್ಲಾಡದವಗ ಕೊಡು. ಅಲ್ಲಾಡಾವಗ ಕೊಸರು ಅಷ್ಟೇ ಬಿಡು. ಅಂವ ಬಿಸಲಿಗಿ ಹುಚ್ಚಾದ್ರೂ ಕೆಡೂದು ಕೊಸರು ಅಷ್ಟೇ." ತೆರೆದ ಪ್ರಿಸೆಟ್ ಈ ತುದಿಯಿಂದ ಆ ತುದಿಗೆ ಮುಕ್ಕಾಲು ಸುತ್ತಿನಲ್ಲಿ ಮುಗಿಯುತ್ತದೆ, ಕೂದಲೆಳೆಯಷ್ಟು ಕೈ ಹೆಚ್ಚಾದರೆ ಎಲ್ಲ ಹಾಳು. ಮುಚ್ಚಿದ ಪ್ರಿಸೆಟ್ಟಿಗೆ ಇಪ್ಪತ್ತೈದು ಸುತ್ತು ಬೇಕು, ಅದರೊಳಗೆ ಧೂಳಿಲ್ಲ, ತೇವವಿಲ್ಲ. ಅಳತೆಯ ಯಂತ್ರಕ್ಕೆ ಅದೇ ಬೇಕು ಎಂದು ಹೇಳುತ್ತಿದ್ದಿರಿ. ನನಗೆ ಇಡೀ ಜಗತ್ತನ್ನೇ ಮುಕ್ಕಾಲು ಸುತ್ತಿನಲ್ಲಿ ತಿರುಗಿಸಬೇಕಿತ್ತು, ಉಸ್ತಾದ್. ಇಪ್ಪತ್ತೈದು ಸುತ್ತು ತಿರುಗಿಸುವವರನ್ನು ಕಂಡರೆ ಹೇಡಿಗಳು ಅನ್ನಿಸುತ್ತಿತ್ತು.

ಮತ್ತೆ ಆ ಬೊಟ್ಟು. ಪ್ರಿಸೆಟ್ ಕೂಡಿಸಿದ ಮೇಲೆ ಬಸ್ಸಿನ ಕುಲುಕಿಗೆ ಸರಿಯದಿರಲೆಂದು ಅದರ ಅಂಚಿಗೆ ಉಗುರಿಗೆ ಹಚ್ಚುವ ಬಣ್ಣದ ಒಂದು ಹನಿ. ಸುರಪುರದ ನೀಲಕಂಠನದು ಕೆಂಪು, ಯಾದಗಿರಿ ಸ್ಟೇಷನ್ ರಸ್ತೆಯವರದು ಗುಲಾಬಿ, ಶಹಾಪುರದ ನಮ್ಮದು ನೇರಳೆ. ಬಳೆ ಅಂಗಡಿಯಲ್ಲಿ ನೇರಳೆ ಯಾರೂ ಕೊಳ್ಳುವುದಿಲ್ಲ ಎಂದೇ ಅದನ್ನು ಆರಿಸಿದಿರಿ. ಸೆಟ್ಟು ಮರಳಿ ಬಂದರೆ ಮೊದಲು ಬೊಟ್ಟು ನೋಡುತ್ತಿದ್ದಿರಿ. ಬೊಟ್ಟು ಒಡೆದಿದ್ದರೆ ಬೇರೆಯವರು ಕೈ ಹಾಕಿದ್ದಾರೆ, ಒಡೆಯದಿದ್ದರೆ ಜವಾಬ್ದಾರಿ ನಮ್ಮದು. ಈ ಮೂರೂ ಊರಿನ ಮೆಕ್ಯಾನಿಕ್‌ಗಳಿಗೆ ಅದು ಸಹಿ ಇದ್ದಂತೆ. ಬೊಟ್ಟಿಗೂ ನಿಮ್ಮ ನಿಯಮಗಳಿದ್ದವು. ತೆರೆದ ಪ್ರಿಸೆಟ್ಟಿಗೆ ಬಣ್ಣ ಹಾಕಬಾರದು, ಹಾಕಿದರೆ ತೋಳಿನ ಕೆಳಗೆ ಇಳಿಯುತ್ತದೆ, ಮೇಣ ಹಾಕಬೇಕು. ಮುಚ್ಚಿದ್ದಕ್ಕೆ ಹಾಕಿದರೂ ಒಣಗುವ ತನಕ ಕಾದು ಇನ್ನೊಮ್ಮೆ ಅಳೆಯಬೇಕು. "ಹಸಿ ಬಣ್ಣ ಸುಳ್ಳ ಹೇಳತದ" ಅನ್ನುತ್ತಿದ್ದಿರಿ. ನಾನು ಇದೆಲ್ಲ ಕೇಳಿದ್ದೆ. ಕೇಳಿಲ್ಲ ಎಂದು ಈಗ ಹೇಳಲಾರೆ.

ನಮ್ಮ ಹಳ್ಳಿಯ ಜಮೀನುಗಳು ವಿತರಣಾ ಕಾಲುವೆಯ ಬಾಲದಲ್ಲಿ, ಕೊನೆಯ ತುದಿಯಲ್ಲಿವೆ. ಕಾಲುವೆ ಬಂದು ಇಷ್ಟು ವರ್ಷವಾದರೂ ಬಾಲಕ್ಕೆ ಬರುತ್ತಿದ್ದುದು ಕೆಸರು. ನೀರು ಬಿಡುವ ಪಾಳಿಯ ಹನ್ನೊಂದು ದಿನ ಕಾಲುವೆಯ ಬಾಯಿಯ ಗೇಟಿನಲ್ಲಿ ಮೂರು ಅಡಿ ನೀರು ನಿಲ್ಲಿಸಿದರೆ ನಮ್ಮಲ್ಲಿಗೆ ತಲುಪುತ್ತದೆ, ಅದಕ್ಕಿಂತ ಕಡಿಮೆಯಾದರೆ ನಡುವಿನ ತೂಬುಗಳಲ್ಲೇ ಮುಗಿಯುತ್ತದೆ. ಗೇಟಿನ ಪಕ್ಕ ಒಂದು ಕಬ್ಬಿಣದ ಡಬ್ಬಿಯಲ್ಲಿ ಮೀಟರ್ ಕೂಡಿಸಿದ್ದರು, ಕೆಂಪು ಅಂಕಿಯಲ್ಲಿ ನೀರಿನ ಎತ್ತರ ತೋರಿಸುವಂಥದು. ಗೋಡೆಯ ಮೇಲಿನ ಹಳೆಯ ಅಳತೆಪಟ್ಟಿ ಅಳಿಸಿಹೋಗಿತ್ತು, ಹೊಸದು ಬರೆಯಲಿಲ್ಲ. ಗೇಟು ನೋಡುವ ಮರಿಲಿಂಗಪ್ಪ ಅಂಕಿ ಮೂರಕ್ಕೆ ಬಂದರೆ ಗೇಟು ನಿಲ್ಲಿಸುತ್ತಿದ್ದ. ನಾನು ಬಿದಿರುಕೋಲಿಗೆ ಗುರುತು ಹಾಕಿ ಇಳಿಸಿ ನೋಡಿದೆ: ಅಂಕಿ ಮೂರು, ನೀರು ಎರಡೂವರೆ. ಅದೇ ವಾರ "ಸುಳ್ಳು ಹೇಳುವ ಯಂತ್ರ" ಎಂಬ ಕರಪತ್ರ ಬರೆದು ದೋರನಹಳ್ಳಿ ಸಂತೆಯ ತನಕ ಹಂಚಿದೆ. ನಲವತ್ತು ಜನ ಹೋಗಿ ಕಾಲುವೆ ಕಚೇರಿಯ ಮುಂದೆ ಕೂತೆವು. ಕೊನೆಗೆ ಅಲ್ಲಿನ ಇಂಜಿನಿಯರ್ ಎದ್ದು ಬಂದು, "ಕಂಪನಿಯವರು ಬರಾಕ ಎರಡ ತಿಂಗಳ ಬೇಕು. ನಿಮ್ಮವರೇ ಯಾರರ ಇದ್ರ ಸರಿ ಮಾಡಿಸ್ಕೋರಿ, ನಾನು ಅಡ್ಡ ಬರಂಗಿಲ್ಲ" ಎಂದರು. ನಾನು ಎದೆ ಉಬ್ಬಿಸಿ ನಿಮ್ಮ ಹೆಸರು ಹೇಳಿದೆ.

ನೀವು ಬಂದು ಡಬ್ಬಿ ಬಿಚ್ಚಿ ನೋಡಿದಿರಿ. ಪ್ರಿಸೆಟ್ ತುಕ್ಕು ಹಿಡಿದಿದೆ, ಹೈದರಾಬಾದಿನಿಂದ ಮುಚ್ಚಿದ ಪ್ರಿಸೆಟ್ ತರಿಸಬೇಕು, ಎಂಟು ದಿನ ಬೇಕು ಎಂದಿರಿ. ಪಾಳಿ ಸೋಮವಾರ ಶುರುವಾಗುವುದಿತ್ತು. ಶೇಂಗಾ ಕಾಯಿ ತುಂಬುವ ಹೊತ್ತು.

"ಈ ಪಾಳಿ ಹೋದರೆ ಬೆಳೆಯೇ ಹೋಗುತ್ತದೆ, ಉಸ್ತಾದ್" ಎಂದು ನಾನು ಅಂದೆ. ನೀವು ಡಬ್ಬಿ ಮುಚ್ಚಿದಿರಿ. "ಹಂಗಾದ್ರ ಮೀಟರ್ ಬಿಡು. ಹನ್ನೊಂದ ದಿನ ಪಾಳಿ ಮ್ಯಾಲ ಒಬ್ಬೊಬ್ಬರು ಕೋಲು ಹಿಡಕೊಂಡು ಗೇಟಿನ ಹತ್ರ ಕೂಡ್ರಿ. ನಮ್ಮಪ್ಪ ಹೊಳ್ಯಾಗ ಬಲಿ ಬೀಸಾಂವ, ಮೊಳಕಾಲಿನ ಮ್ಯಾಲ ನೀರ ಅಳೀತಿದ್ದ. ಕಾಲಿಗಿ ತುಕ್ಕ ಹಿಡೆಂಗಿಲ್ಲ." ಮೊಮ್ಮಗನ ಹೆಸರಿಡುವ ಕಾರ್ಯಕ್ಕೆ ಮಗಳು ರೇಣಮ್ಮನ ಮನೆಗೆ, ಗುರುಮಠಕಲ್ಲಿಗೆ, ಮರುದಿನ ಹೋದಿರಿ. ಹೋಗುವಾಗ ಅಂಗಡಿಯ ಕೀಲಿ ನನ್ನ ಕೈಗೆ ಕೊಟ್ಟಿರಿ.

ಅದು ಎಂಥ ಸರಳ ಉಪಾಯ. ಒಂದು ಕೋಲು, ಹನ್ನೊಂದು ಜನ. ನನಗೆ ಅದು ಅವಮಾನ ಅನ್ನಿಸಿತು. ಯಂತ್ರ ಕಚೇರಿಯವರ ಕೈಯಲ್ಲಿ, ಕೋಲು ನಮ್ಮ ಕೈಯಲ್ಲಿ, ಹೀಗೆ ಎಷ್ಟು ದಿನ ಎಂದು ನನ್ನೊಳಗಿನ ಕರಪತ್ರ ಕೇಳಿತು. ನಮ್ಮ ಓಣಿಯವನೊಬ್ಬ ಅವರ ಯಂತ್ರವನ್ನು ಅವರ ಕಣ್ಣೆದುರೇ ಸರಿಮಾಡಬೇಕು, ಅದನ್ನು ಜನ ನೋಡಬೇಕು. ಹಳೆಯ ಟೀವಿಯೊಂದರಿಂದ ಹತ್ತರ ತೆರೆದ ಪ್ರಿಸೆಟ್ ಕಿತ್ತೆ. ಮೇಜಿನ ಖಾನೆಯಿಂದ ನಿಮ್ಮ ನೇರಳೆ ಬಾಟಲಿ ತೆಗೆದು ಜೇಬಿಗೆ ಹಾಕಿಕೊಂಡೆ.

ಸೋಮವಾರ ಬೆಳಿಗ್ಗೆ ತಂಪು ಹೊತ್ತಿನಲ್ಲಿ ನೂರು ಜನ ಸೇರಿದ್ದರು. ಮರಿಲಿಂಗಪ್ಪ ಗೇಟು ಎತ್ತಿದ, ನಾನು ಕೋಲು ಇಳಿಸಿ ಸರಿಯಾಗಿ ಮೂರು ಅಡಿ ನಿಲ್ಲಿಸಿದೆ. ಒಂಬತ್ತರ ಗಟ್ಟಿ ರೆಸಿಸ್ಟರ್ ಹಾಕಲಿಲ್ಲ, ಹತ್ತರದ್ದೊಂದನ್ನೇ ಜಡಿದೆ. ಉಸಿರು ಬಿಗಿಹಿಡಿದು ತಿರುಗಿಸಿದೆ. ಅಂಕಿ ಮೂರಕ್ಕೆ ಬಂತು, ಚುಕ್ಕೆಯ ಮುಂದೆ ಸೊನ್ನೆ ಸೊನ್ನೆ. ಚಪ್ಪಾಳೆ ಬಿತ್ತು. ಬಾಲದಲ್ಲಿ ಎರಡು ಎಕರೆ ಇರುವ ಕರೆಮ್ಮ, "ನಮ್ಮ ಹುಡ್ಗ ಇಂಜಿನಿಯರನ ಮೀಸಿ ಬೋಳಿಸಿದ ನೋಡ್ರವ್ವ" ಎಂದಳು, ಎಲ್ಲರೂ ನಕ್ಕರು. ಆಗ ನಾನು ಬಾಟಲಿ ತೆಗೆದು ಜನರಿಗೆ ತೋರಿಸಿ, ಇದು ನಮ್ಮ ಉಸ್ತಾದರ ಬಣ್ಣ, ಇದಿದ್ದ ಕಡೆ ಮೋಸವಿಲ್ಲ ಎಂದು ಹೇಳಿ ಬೊಟ್ಟು ಇಟ್ಟೆ. ಜೋಳದ ಕಾಳಿನಷ್ಟು ದಪ್ಪ. ಆಮೇಲೆ ಡಬ್ಬಿ ಮುಚ್ಚಿ, ಕಾಲುವೆಯ ಕಟ್ಟೆ ಹತ್ತಿ ಮುಕ್ಕಾಲು ಗಂಟೆ ಭಾಷಣ ಮಾಡಿದೆ. ಬಣ್ಣ ಒಳಗೆ ಒಣಗುತ್ತಿತ್ತು.

ಅದು ತೋಳಿನ ಕೆಳಗೆ ಇಳಿಯಿತು. ಮಧ್ಯಾಹ್ನದ ಬಿಸಿಲಿಗೆ ಡಬ್ಬಿ ಕಾದಾಗ ಗಟ್ಟಿಯಾಗಿ ತೋಳನ್ನು ಪಟ್ಟಿಯಿಂದ ತುಸು ಎತ್ತಿತು. ನೀರು ಮೂರೇ ಅಡಿ ಇದ್ದರೂ ಅಂಕಿ ನಾಲ್ಕಕ್ಕೆ ಏರಿತು. ಮರಿಲಿಂಗಪ್ಪ ನಿಯತ್ತಿನ ಮನುಷ್ಯ. ನೀರು ಹೆಚ್ಚಾಯಿತೆಂದು ಗೇಟು ಇಳಿಸಿ ಅಂಕಿಯನ್ನು ಮೂರಕ್ಕೆ ತಂದು ನಿಲ್ಲಿಸಿದ. ನೀರು ಎರಡೂಕಾಲಾಯಿತು, ಮೊದಲಿಗಿಂತಲೂ ಕಡಿಮೆ. ಹನ್ನೊಂದು ದಿನವೂ ಹಾಗೇ ಇತ್ತು. ಯಾರೂ ಕೋಲು ಇಳಿಸಲಿಲ್ಲ, ಯಾಕೆಂದರೆ ಈಗ ಮೀಟರ್ ನಮ್ಮದಾಗಿತ್ತು. ನಾನು ಬಾಲದಲ್ಲಿ ನಿಂತು ಒಣ ಕಾಲುವೆ ನೋಡಿ, ನಡುವಿನ ಹಳ್ಳಿಯವರು ನೀರು ಕದಿಯುತ್ತಿದ್ದಾರೆ ಎಂದು ಇನ್ನೊಂದು ಕರಪತ್ರ ಬರೆದೆ. ಅವರಲ್ಲಿ ಇಬ್ಬರಿಗೂ ನಮ್ಮವರಿಗೂ ತೂಬಿನ ಹತ್ತಿರ ಕೈ ಕೈ ಮಿಲಾಯಿಸಿತು. ಆ ಇಬ್ಬರು ಏನೂ ಮಾಡಿರಲಿಲ್ಲ. ಶೇಂಗಾ ಕಿತ್ತಾಗ ಕಾಯಿಯೊಳಗೆ ಬೀಜವಿರಲಿಲ್ಲ, ಸಿಪ್ಪೆ ಅಷ್ಟೇ.

ಪಾಳಿ ಮುಗಿದ ಮೇಲೆ ಜನರೇ ಸುರಪುರದಿಂದ ನೀಲಕಂಠನನ್ನು ಕರೆಸಿ ಡಬ್ಬಿ ತೆಗೆಸಿದರು. ನೀವೂ ಅಷ್ಟರಲ್ಲಿ ಮರಳಿದ್ದಿರಿ, ಬಂದು ನಿಂತಿದ್ದಿರಿ. ನೀಲಕಂಠ ಬಗ್ಗಿ ನೋಡಿ, ಪ್ರಿಸೆಟ್ ಕಿತ್ತು ಅಂಗೈಯಲ್ಲಿಟ್ಟು, "ಇಲ್ಲೇ ಕೆಟ್ಟದ್ರಿ. ಬಣ್ಣ ಚಂದ್ರಾಮಪ್ಪಂದು" ಎಂದ. ಬೊಟ್ಟು ಇಟ್ಟವನು ನಾನೆಂದು ನೂರು ಜನ ನೋಡಿದ್ದರು. ಆದರೆ ಅವರ ಕಣ್ಣಿಗೆ ನಾನು ನಿಮ್ಮ ಕೈಯಾಗಿದ್ದೆ, ಸಾಮಾನು ಕೊಟ್ಟು ಹೀಗೀಗೆ ಮಾಡು ಎಂದು ಕಳಿಸಿದವರು ನೀವು. ನಾನೇ ತಾನೆ ಹಾಗೆ ಸಾರಿದ್ದು, ಇದು ಉಸ್ತಾದರ ಬಣ್ಣ ಎಂದು. ಕರೆಮ್ಮ ನಿಮ್ಮ ಎದುರಿಗೆ ಬಂದು ನಿಂತಳು.

"ಎಷ್ಟ ತಗೊಂಡಿ ಯಪ್ಪಾ ಆಫೀಸಿನವರ ಕಡಿಂದ? ಏನೂ ತಿಳೀದ ಹುಡ್ಗನ ಕೈಲೆ ಮಾಡಿಸಿದಿಯಲ್ಲ."

ನೀವು ನೀಲಕಂಠನ ಅಂಗೈಯಿಂದ ಪ್ರಿಸೆಟ್ ತೆಗೆದುಕೊಂಡು ಬೆಳಕಿಗೆ ಹಿಡಿದಿರಿ. ತೆರೆದ ಪ್ರಿಸೆಟ್. ಜೋಳದ ಕಾಳಿನಷ್ಟು ಬಣ್ಣ. ಜೊತೆಗೆ ಗಟ್ಟಿ ರೆಸಿಸ್ಟರ್ ಇಲ್ಲ. ನೀವು ಕಲಿಸಿದ ಮೂರೂ ಪಾಠ ಅದರಲ್ಲಿ ಮುರಿದುಬಿದ್ದಿದ್ದವು. ನೀವು ತಲೆ ಎತ್ತಿ ನನ್ನ ಕಡೆ ನೋಡಿದಿರಿ. ಸಿಟ್ಟಿರಲಿಲ್ಲ. ಸೆಟ್ಟು ಬಿಚ್ಚಿಟ್ಟು ಏನಾಗಿದೆ ಹೇಳು ಎಂದು ಕಾಯುವಾಗ ನೋಡುತ್ತಿದ್ದಿರಲ್ಲ, ಹಾಗೆ. ಉತ್ತರ ನಾನು ಹೇಳಬೇಕಿತ್ತು. ನೂರು ಜನರೆದುರು ಮುಕ್ಕಾಲು ಗಂಟೆ ಮಾತಾಡಿದವನಿಗೆ ಒಂದು ವಾಕ್ಯ ಬೇಕಿತ್ತು. ಬರಲಿಲ್ಲ. ನೀವು ಕರೆಮ್ಮನ ಕಡೆ ತಿರುಗಿ, "ಹೌದವ್ವ. ಬಣ್ಣ ನಂದ ಅದ" ಎಂದಿರಿ. ಪ್ರಿಸೆಟ್ಟನ್ನು ನನ್ನ ಅಂಗಿಯ ಜೇಬಿಗೆ ಹಾಕಿ ಬಸ್ಸಿನ ರಸ್ತೆ ಹಿಡಿದಿರಿ. ನಾನು ನಿಮ್ಮ ಹಿಂದೆ ಬರಲಿಲ್ಲ.

ಆಮೇಲಿನದು ನಿಮಗೇ ಗೊತ್ತು. ಲಂಚ ತಿಂದವನ ಅಂಗಡಿ ಎಂದು ಬಾಗಿಲಿಗೆ ಸೆಗಣಿ ಬಡಿದರು. ರಿಪೇರಿಗೆ ಬಿಟ್ಟಿದ್ದ ಸೆಟ್ಟುಗಳನ್ನು ಒಬ್ಬೊಬ್ಬರಾಗಿ ಬಂದು ಒಯ್ದರು. ನನ್ನದೊಂದು ಕರಪತ್ರದ ಕೆಳಗೆ "ದ್ರೋಹಿಗಳನ್ನು ಗುರುತಿಸಿ" ಎಂಬ ಸಾಲು ಇತ್ತು, ಅದು ನಡುವಿನ ಹಳ್ಳಿಯವರ ಬಗ್ಗೆ ಬರೆದದ್ದು. ಯಾರೋ ಅದನ್ನು ನಿಮ್ಮ ಬಾಗಿಲಿಗೆ ಅಂಟಿಸಿದರು. ರೇಣಮ್ಮ ಬಂದು ನಿಮ್ಮನ್ನು ಗುರುಮಠಕಲ್ಲಿಗೆ ಕರೆದೊಯ್ದ ದಿನ ನಾನು ಯಾದಗಿರಿಯಲ್ಲಿ ಒಂದು ಸಭೆಯಲ್ಲಿದ್ದೆ. ಸತ್ಯದ ಬಗ್ಗೆ ಮಾತಾಡುತ್ತಿದ್ದೆ.

ಜೂನ್ ತಿಂಗಳಲ್ಲಿ ನಿಮ್ಮ ಹೆಸರಿಗೆ ಪಾರ್ಸೆಲ್ ಬಂತು, ಗುರುಮಠಕಲ್ಲಿಗೆ ಹೋಗುವ ಮೊದಲೇ ನೀವು ಹೇಳಿಕಳಿಸಿದ್ದು. ಹೈದರಾಬಾದಿನ ಬಸ್ಸಿನಲ್ಲಿ, ನೀವು ಈಗ ಇರುವ ಊರಿನ ಮೇಲೆಯೇ ಹಾದು ಬಂದಿತ್ತು. ಒಳಗೆ ಹತ್ತಿಯಲ್ಲಿ ಸುತ್ತಿದ ನೀಲಿ ಪ್ರಿಸೆಟ್, ಮುಚ್ಚಿದ್ದು, ಎರಡು ಕಿಲೋ ಓಮಿನದು, ಜೊತೆಗೆ ಒಂಬತ್ತರ ಗಟ್ಟಿ ರೆಸಿಸ್ಟರ್. ಎಂಟು ದಿನ ಎಂದಿದ್ದಿರಿ, ಮೂರು ತಿಂಗಳು ಹಿಡಿದಿತ್ತು. ಕಾದಿದ್ದರೂ ಆ ಪಾಳಿಗೆ ಅದು ಸಿಗುತ್ತಿರಲಿಲ್ಲ ಎಂದು ಒಂದು ಗಳಿಗೆ ಹಗುರಾದೆ. ಆಮೇಲೆ ಕೋಲು ನೆನಪಾಯಿತು. ಪಾರ್ಸೆಲ್ ಹಿಡಿದು ಕಾಲುವೆಗೆ ಓಡಿದೆ. ಮೀಟರನ್ನು ಕಿತ್ತು ಒಯ್ದಿದ್ದರು. ಖಾಲಿ ಡಬ್ಬಿಯಲ್ಲಿ ಕಣಜ ಗೂಡು ಕಟ್ಟಿತ್ತು. ಕಚೇರಿಗೆ ಹೋದರೆ, "ಯಂತ್ರ ಕೆಡಿಸಿದಾವ್ರು ನಿಮ್ಮವ್ರೇ, ಮತ್ತ ಏನ್ ಕೇಳಾಕ ಬಂದೀರಿ" ಎಂದರು. ಬಾಲದ ನೀರಿನ ಮಾತು ಎತ್ತಿದಾಗಲೆಲ್ಲ ಈಗ ಅದೇ ಉತ್ತರ. ಕೇಳುವ ಬಾಯಿಯನ್ನೇ ನಾನು ಮುಚ್ಚಿಸಿಬಿಟ್ಟಿದ್ದೇನೆ.

ಕಳೆದ ತಿಂಗಳು ಬುದ್ಧವಿಹಾರದ ಅಂಗಳದಲ್ಲಿ ಊರವರನ್ನು ಸೇರಿಸಿದೆ. ಎಲ್ಲವನ್ನೂ ಬರೆದು ಅಚ್ಚು ಹಾಕಿಸಿದ್ದೆ: ಉಸ್ತಾದರು ಬೇಡ ಅಂದಿದ್ದರು, ಪ್ರಿಸೆಟ್ ಆರಿಸಿದವನು ನಾನು, ಬಣ್ಣ ಕದ್ದವನು ನಾನು, ಲಂಚ ಯಾರೂ ತಿಂದಿಲ್ಲ. ಗಟ್ಟಿಯಾಗಿ ಓದಿದೆ. ಬೈಯಲಿ, ಹೊಡೆಯಲಿ ಎಂದು ಕಾದೆ. ಕರೆಮ್ಮ ಎದ್ದು ಬಂದು ನನ್ನ ತಲೆಯ ಮೇಲೆ ಕೈ ಇಟ್ಟಳು.

"ಗುರುವಿನ ಮ್ಯಾಲ ಎಷ್ಟ ಜೀವ ಅದ ನೋಡ್ರಿ ಹುಡ್ಗಂದು. ಅಂವ ಮಾಡಿದ್ದು ತನ್ನ ತಲಿ ಮ್ಯಾಲ ತಗೋಳಾಕತ್ತಾನ."

ನಾನು ಸುಳ್ಳಲ್ಲ ಎಂದೆ. ಕೂಗಿದೆ. "ಅಂವನೇ ತನ್ನ ಬಾಯಿಲೆ ಒಪ್ಪಿಕೊಂಡಾನಲ್ಲೋ, ಬಣ್ಣ ನಂದ ಅಂತ" ಎಂದು ಒಬ್ಬರು ಸಮಾಧಾನದಿಂದ ಹೇಳಿದರು. ಯಾರೋ ಬೆನ್ನು ಸವರಿದರು. ನಾನು ಬರೆದ ಕರಪತ್ರಗಳಲ್ಲಿ ಒಂದೊಂದು ಅಕ್ಷರವೂ ನಿಜವಿದ್ದದ್ದು ಅದೊಂದೇ. ಅದೊಂದನ್ನೇ ಯಾರೂ ನಂಬಲಿಲ್ಲ. ಅವರಿಗೆ ಬೆಳೆ ಹೋಗಿತ್ತು, ಲೀಡರನೂ ಹೋಗುವುದು ಬೇಡವಾಗಿತ್ತು.

ಸುರಪುರಕ್ಕೆ ಹೋಗಿ ನೀಲಕಂಠನ ಮುಂದೆ ಆ ಪ್ರಿಸೆಟ್ ಇಟ್ಟೆ. ನೀನು ಇದನ್ನು ಓದಬಲ್ಲೆ, ನೀನಾದರೂ ಬಂದು ಹೇಳು ಎಂದೆ. ಅವನು ಅದನ್ನು ಮುಟ್ಟಲೂ ಇಲ್ಲ. "ನನಗ ಅವತ್ತೇ ಗೊತ್ತಾಗಿತ್ತೋ. ಚಂದ್ರಾಮಪ್ಪ ತೆರದ ಪ್ರಿಸೆಟ್ಟಿಗಿ ಬಣ್ಣ ಹಚ್ಚಾವನ? ಬಣ್ಣ ಅವಂದು ಅಂದೆ, ಕೈ ಅವಂದು ಅನ್ನಲಿಲ್ಲ. ನೀ ಹೇಳ್ತಿ ಅಂತ ನಿನ್ನ ಮಾರಿ ನೋಡಿದೆ" ಎಂದ. ಆಮೇಲೆ, "ಈಗ ಅವನ ಗಿರಾಕಿ ಎಲ್ಲಾ ನನ್ನ ಕಡಿ ಬರತಾರ. ನಾ ಏನಂತ ಹೇಳ್ಲಿ" ಎಂದು ಮತ್ತೆ ಸೋಲ್ಡರ್ ಹಿಡಿದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳುವ ಹಕ್ಕು ನನಗಿರಲಿಲ್ಲ.

ಹೋದ ವಾರ ನಿಮ್ಮನ್ನು ಕಾಣಲೆಂದು ಗುರುಮಠಕಲ್ ಬಸ್ಸು ಹತ್ತಿದೆ. ಬಸ್ಸು ನಿಮ್ಮ ಓಣಿಯ ಬಾಯಿಗೆ ನಿಂತಾಗ ಕಟ್ಟೆಯ ಮೇಲೆ ನೀವು ಕಂಡಿರಿ. ಪಕ್ಕದವರು ತೆಲುಗಿನಲ್ಲಿ ಏನೋ ಹೇಳಿ ನಗುತ್ತಿದ್ದರು, ನೀವು ತಲೆಯಾಡಿಸುತ್ತಿದ್ದಿರಿ. ಮಡಿಲಲ್ಲಿ ಮೊಮ್ಮಗ. ಬಲಗೈ ಮಗುವಿನ ಬೆನ್ನ ಮೇಲೆ ನಡುಗುತ್ತಿತ್ತು. ಆ ಕೈ ಇನ್ನು ಪ್ರಿಸೆಟ್ ತಿರುಗಿಸುವುದಿಲ್ಲ ಎಂದು ದೂರದಿಂದಲೇ ತಿಳಿಯಿತು. ಆ ಓಣಿಯಲ್ಲಿ ಯಾರಿಗೂ ನೀವು ಯಾವ ಚಂದ್ರಾಮಪ್ಪ ಎಂದು ಗೊತ್ತಿಲ್ಲ, ಅದೊಂದೇ ನಿಮಗೆ ಉಳಿದಿರುವ ನೆರಳು. ನಾನು ಇಳಿದು ಬಂದು ಕಾಲು ಹಿಡಿದು ಅತ್ತರೆ ಅಲ್ಲಿಯೂ ಕೇಳುತ್ತಾರೆ, ಏನಾಗಿತ್ತು ಎಂದು. ಇಳಿಯಲಿಲ್ಲ. ಇದೂ ಹೇಡಿತನವೇ ಇರಬಹುದು. ನಿಮ್ಮ ನೆರಳು ಕಾಯುವುದಕ್ಕೂ ಹೇಡಿತನಕ್ಕೂ ಇರುವ ವ್ಯತ್ಯಾಸ ನನಗೆ ಈಗ ತಿಳಿಯುವುದಿಲ್ಲ.

ಈ ಪತ್ರದ ಜೊತೆ ಮೂರು ವಸ್ತು ಕಳಿಸುತ್ತಿದ್ದೇನೆ. ಹೈದರಾಬಾದಿನ ನೀಲಿ ಪ್ರಿಸೆಟ್, ನೀವು ತರಿಸಿದ್ದು. ನನ್ನ ಜೇಬಿಗೆ ನೀವು ಹಾಕಿದ ಹಳೆಯದು. ಮತ್ತೆ ನಿಮ್ಮ ನೇರಳೆ ಬಾಟಲಿ. ಮುಚ್ಚಳ ಸರಿಯಾಗಿ ಹಾಕದೆ ಇಟ್ಟಿದ್ದೆ, ಒಣಗಿಹೋಗಿದೆ. ನಾನು ಈಗ ಮನೆಯಲ್ಲೇ ಅಲ್ಪಸ್ವಲ್ಪ ರಿಪೇರಿ ಮಾಡುತ್ತೇನೆ. ಒಂಬತ್ತಕ್ಕೆ ಎರಡು ಸೇರಿಸುತ್ತೇನೆ, ಕಾದು ಇನ್ನೊಮ್ಮೆ ಅಳೆಯುತ್ತೇನೆ. ಮೇಲೆ ಬಣ್ಣವಿಲ್ಲದ ಮೇಣ ಹಾಕುತ್ತೇನೆ. ಸಹಿ ಹಾಕುವ ಅರ್ಹತೆ ಇನ್ನೂ ಬಂದಿಲ್ಲ, ಬರುತ್ತದೆ ಎಂಬ ನಂಬಿಕೆಯೂ ಇಲ್ಲ.

ನೀವು ಇದನ್ನು ಯಾರಿಗೆ ಬೇಕಾದರೂ ತೋರಿಸಿ. ತೋರಿಸುವುದಿಲ್ಲ ಎಂದು ನನಗೆ ಗೊತ್ತು. ಮೊಮ್ಮಗ ದೊಡ್ಡವನಾಗಿ ಕನ್ನಡ ಓದಲು ಕಲಿತರೆ, ಅವನಿಗಾದರೂ ಓದಲು ಕೊಡಿ. ಅವನ ಅಜ್ಜನ ಕೈ ತಪ್ಪು ಮಾಡಲಿಲ್ಲ ಎಂದು ಒಬ್ಬರಿಗಾದರೂ ಗೊತ್ತಿರಲಿ.

ನಿಮ್ಮ ಕೈಯ ನಡುಕ ನಿಲ್ಲಲಿ, ಉಸ್ತಾದ್. ಮಗುವಿನ ಬೆನ್ನ ಮೇಲೆ ಅದು ನೆಟ್ಟಗೆ ನಿಲ್ಲಲಿ.

ನಿಮ್ಮ ಬಣ್ಣ ಕದ್ದವನು,
ತಾಯಪ್ಪ